ಓದುಗರ ಪ್ರಶ್ನೆ – ನಮ್ಮ ಉತ್ತರ: ಚಾರ್ಟ್ ಮೇಲೆ ‘ಸರಾಸರಿ’ ಎಂದಷ್ಟೇ ಬರೆದರೆ ಸಾಕೇ?

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಪದದ ಸುತ್ತ ಸುತ್ತುತ್ತವೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಸಹಾಯವಾಣಿಗೆ ಕರೆ ಮಾಡಿದವರು ಎಷ್ಟು ಹೊತ್ತು ಕಾಯುತ್ತಾರೆ ಎಂದು ತೋರಿಸುವ ಬಾರ್ ಚಾರ್ಟ್ ಮಾಡಿದ್ದೇನೆ. ನಡುವೆ ಅಡ್ಡಗೆರೆ ಎಳೆದು ‘ಸರಾಸರಿ’ ಎಂದು ಬರೆದೆ. ನೋಡಿದವರು ‘ಯಾವ ಸರಾಸರಿ?’ ಎಂದು ಕೇಳಿದರು. ಸರಾಸರಿಯಲ್ಲೂ ಬೇರೆ ಬೇರೆ ಇದೆಯೇ?

ಇದೆ. ಕೇಳಿದವರು ತಕರಾರು ತೆಗೆದದ್ದಲ್ಲ, ಸರಿಯಾಗಿಯೇ ಕೇಳಿದ್ದಾರೆ. ಮಾತಿನಲ್ಲಿ ನಾವು ‘ಸರಾಸರಿ ಇಷ್ಟು’ ಅನ್ನುವಾಗ ‘ಹೆಚ್ಚುಕಡಿಮೆ ಇಷ್ಟು’ ಎಂಬ ಅರ್ಥವೂ ಸೇರಿಕೊಂಡಿರುತ್ತದೆ. ಲೆಕ್ಕದಲ್ಲಿ ಅದು ಒಂದು ನಿರ್ದಿಷ್ಟ ಸಂಖ್ಯೆ, ಅದನ್ನು ಪಡೆಯುವ ದಾರಿಗಳು ಮಾತ್ರ ಹಲವು.

ಒಂಬತ್ತು ಕರೆಗಳು ಕಾದ ನಿಮಿಷಗಳು ಹೀಗಿವೆ ಅನ್ನೋಣ: 2, 3, 3, 4, 4, 5, 6, 7, 38. ಕೂಡಿದರೆ 72, ಒಂಬತ್ತರಿಂದ ಭಾಗಿಸಿದರೆ 8. ಇದು ಶಾಲೆಯಲ್ಲಿ ಕಲಿತ ಸರಾಸರಿ. ಏರಿಕೆ ಕ್ರಮದಲ್ಲಿ ನಿಲ್ಲಿಸಿದಾಗ ನಡುವೆ ಬರುವ ಐದನೆಯ ಸಂಖ್ಯೆ 4. ಇದು ಮಧ್ಯಾಂಕ. ಅತಿ ಹೆಚ್ಚು ಸಲ ಬರುವ ಸಂಖ್ಯೆಯಾದ ಬಹುಲಕ ಇಲ್ಲಿ ಒಂದಲ್ಲ, ಎರಡು: 3 ಮತ್ತು 4. ಈಗ 8ರಲ್ಲಿ ಗೆರೆ ಎಳೆದು ‘ಸರಾಸರಿ’ ಎಂದರೆ ನೋಡುವವರು ‘ಕರೆ ಮಾಡಿದರೆ ಎಂಟು ನಿಮಿಷ ಕಾಯಬೇಕು’ ಎಂದುಕೊಳ್ಳುತ್ತಾರೆ. ಆದರೆ ಒಂಬತ್ತರಲ್ಲಿ ಎಂಟು ಕರೆಗಳು ಆ ಗೆರೆಯ ಕೆಳಗೇ ಮುಗಿದಿವೆ. ಗೆರೆಯನ್ನು ಅಷ್ಟು ಮೇಲಕ್ಕೆ ಎತ್ತಿದ್ದು 38 ನಿಮಿಷದ ಆ ಒಂದೇ ಕರೆ.

ಆದ್ದರಿಂದ ಲೇಬಲ್‌ನಲ್ಲಿ ನಾಲ್ಕು ಸಂಗತಿ ಇರಬೇಕು: ಯಾವ ಬಗೆಯ ಸರಾಸರಿ, ಯಾವುದರದ್ದು, ಯಾವ ಅವಧಿಯದ್ದು, ಎಷ್ಟು ದಾಖಲೆಗಳಿಂದ. ‘ಮಧ್ಯಾಂಕ: 4 ನಿಮಿಷ’ ಎಂಬುದು ಗೆರೆಯ ಪಕ್ಕದಲ್ಲೇ ಇರಲಿ, ಅವಧಿ ಮತ್ತು ಎಣಿಕೆ ಉಪಶೀರ್ಷಿಕೆಗೆ ಹೋಗಲಿ. ನಾಲ್ಕನ್ನೂ ಗೆರೆಯ ಮೇಲೆಯೇ ತುರುಕಿದರೆ ಚಾರ್ಟ್ ಕಾಣುವುದಿಲ್ಲ.

ಮಧ್ಯಾಂಕ ಎಂಬ ಪದ ಪರಿಚಯವಿಲ್ಲದವರಿಗಾಗಿ ಚಾರ್ಟ್ ಮಾಡುತ್ತಿದ್ದರೆ ಪದವನ್ನೇ ಬಿಟ್ಟು ಅರ್ಥ ಬರೆಯಿರಿ: ‘ಅರ್ಧಕ್ಕೂ ಹೆಚ್ಚು ಕರೆಗಳು 4 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಕಾದಿವೆ’. ಉದ್ದವಾಯಿತು ನಿಜ, ಆದರೆ ಯಾರೂ ತಪ್ಪಾಗಿ ಓದುವುದಿಲ್ಲ. ಮಧ್ಯಾಂಕವನ್ನು ಲೆಕ್ಕ ಹಾಕಿ, ಅದಕ್ಕೆ ‘ಸರಾಸರಿ’ ಎಂದು ಹೆಸರಿಡುವುದನ್ನು ಮಾತ್ರ ಮಾಡಬೇಡಿ. ಯಾರಾದರೂ ಮೂಲ ಅಂಕಿಗಳನ್ನು ಕೂಡಿ ಭಾಗಿಸಿ ನೋಡಿದರೆ ನಿಮ್ಮ ಸಂಖ್ಯೆ ಸಿಗುವುದಿಲ್ಲ, ಆಮೇಲೆ ಇಡೀ ಚಾರ್ಟನ್ನೇ ನಂಬುವುದಿಲ್ಲ.

ಪ್ರಶ್ನೆ: ತಾಪಮಾನದ ಚಾರ್ಟ್‌ನಲ್ಲಿ ‘ಸರಾಸರಿ ಗರಿಷ್ಠ ತಾಪಮಾನ’ ಎಂದು ಬರೆಯಬೇಕೋ ‘ಗರಿಷ್ಠ ಸರಾಸರಿ ತಾಪಮಾನ’ ಎಂದೋ? ಎರಡೂ ಒಂದೇ ಅಲ್ಲವೇ?

ಒಂದೇ ಅಲ್ಲ. ಮೊದಲನೆಯದು ಪ್ರತಿದಿನದ ಗರಿಷ್ಠವನ್ನು ತೆಗೆದುಕೊಂಡು, ಆ ಗರಿಷ್ಠಗಳಿಗೆ ಹಾಕಿದ ಸರಾಸರಿ. ಎರಡನೆಯದು ಹಲವು ಸರಾಸರಿಗಳ ಪೈಕಿ ಎಲ್ಲಕ್ಕಿಂತ ದೊಡ್ಡದು, ಉದಾಹರಣೆಗೆ ಹನ್ನೆರಡು ತಿಂಗಳ ಸರಾಸರಿಗಳಲ್ಲಿ ಅತಿ ಹೆಚ್ಚಿನದು. ಪದಗಳು ಅವೇ, ಸ್ಥಾನ ಬದಲಾದರೆ ಲೆಕ್ಕವೇ ಬದಲು.

ಕನ್ನಡದಲ್ಲಿ ಹೀಗೆ ವಿಶೇಷಣಗಳನ್ನು ಸಾಲಾಗಿ ಪೇರಿಸಿದಾಗ ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂದು ತಿಳಿಯುವುದು ಕಷ್ಟ. ಷಷ್ಠಿ ವಿಭಕ್ತಿ ಹಾಕಿ ಬಿಡಿಸಿಬಿಡಿ: ‘ದಿನದ ಗರಿಷ್ಠ ತಾಪಮಾನಗಳ ತಿಂಗಳ ಸರಾಸರಿ’. ಎಡದಿಂದ ಓದುತ್ತ ಹೋದಂತೆ ಲೆಕ್ಕದ ಹೆಜ್ಜೆಗಳು ಕ್ರಮವಾಗಿ ಬರುತ್ತವೆ: ಮೊದಲು ದಿನಕ್ಕೊಂದು ಗರಿಷ್ಠ, ಆಮೇಲೆ ತಿಂಗಳಿಗೊಂದು ಸರಾಸರಿ. ನಮ್ಮ ವಿಭಕ್ತಿ ಪ್ರತ್ಯಯಗಳು ಚಾರ್ಟ್ ಮಾಡುವವರಿಗೆ ಇಷ್ಟು ಉಪಕಾರಿ ಎಂಬುದನ್ನು ವ್ಯಾಕರಣದ ಮೇಷ್ಟ್ರು ಹೇಳಿಕೊಟ್ಟಿರಲಿಕ್ಕಿಲ್ಲ!

‘ದಿನದ ಸರಾಸರಿ’ ಎಂಬುದರಲ್ಲೂ ಇದೇ ಗೊಂದಲ. 30 ದಿನಗಳ ತಿಂಗಳಿನಲ್ಲಿ 20 ದಿನ ಮಳೆ ಬಂದು ಒಟ್ಟು 120 ಮಿ.ಮೀ. ಆಗಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ 4 ಮಿ.ಮೀ. ಎಂದರೂ ಸರಿ, ಮಳೆ ಬಂದ ದಿನಕ್ಕೆ 6 ಮಿ.ಮೀ. ಎಂದರೂ ಸರಿ. ಬರೀ ‘ದಿನದ ಸರಾಸರಿ ಮಳೆ’ ಎಂದರೆ ಯಾವುದು ಎಂದು ಗೊತ್ತಾಗುವುದಿಲ್ಲ. ಯಾವ ಸಂಖ್ಯೆಯಿಂದ ಭಾಗಿಸಿದಿರೋ ಅದನ್ನು ಲೇಬಲ್ ಹೇಳಲಿ: ‘ತಿಂಗಳ ಎಲ್ಲ ದಿನಗಳ ಮೇಲೆ’ ಅಥವಾ ‘ಮಳೆ ಬಂದ ದಿನಗಳ ಮೇಲೆ ಮಾತ್ರ’.

ಸ್ಪ್ರೆಡ್‌ಶೀಟ್ ಇಲ್ಲಿ ಮೆಲ್ಲಗೆ ಕೈಕೊಡುತ್ತದೆ. ಆವರೇಜ್ ಫಂಕ್ಷನ್ ಖಾಲಿ ಕೋಶಗಳನ್ನು ಬಿಟ್ಟುಬಿಡುತ್ತದೆ, ಸೊನ್ನೆ ಇದ್ದರೆ ಎಣಿಸುತ್ತದೆ. ಮಳೆ ಇಲ್ಲದ ದಿನ 0 ಬರೆದರೆ ಉತ್ತರ 4, ಖಾಲಿ ಬಿಟ್ಟರೆ 6. ಒಂದೇ ಹಾಳೆಯಲ್ಲಿ ಅರ್ಧ ಹೀಗೆ ಅರ್ಧ ಹಾಗೆ ತುಂಬಿದ್ದರೆ ಎರಡರ ನಡುವಿನ ಯಾವುದೋ ಸಂಖ್ಯೆ ಬರುತ್ತದೆ, ಅದಕ್ಕೆ ಯಾವ ಹೆಸರೂ ಹೊಂದುವುದಿಲ್ಲ.

ಪ್ರಶ್ನೆ: ಎರಡು ತಂಡಗಳ ಪರೀಕ್ಷಾ ಅಂಕಗಳ ಸರಾಸರಿ 80 ಮತ್ತು 60. ನಾನು ಒಟ್ಟು ಸರಾಸರಿ 70 ಎಂದು ಗೆರೆ ಎಳೆದೆ. ಅಂಕಿಗಳ ಗುಂಪುವಾರು ಸಾರಾಂಶ ಮಾಡಿಕೊಡುವ ಪಿವಟ್ ಟೇಬಲ್‌ನ ‘ಗ್ರ್ಯಾಂಡ್ ಟೋಟಲ್’ ಸಾಲಿನಲ್ಲಿ 64 ಎಂದಿದೆ. ಯಾವುದು ತಪ್ಪು?

ಎರಡೂ ಲೆಕ್ಕವಾಗಿ ಸರಿ. ಮೊದಲ ತಂಡದಲ್ಲಿ 10 ಮಂದಿ, ಎರಡನೆಯದರಲ್ಲಿ 40 ಮಂದಿ ಎಂದು ನಿಮ್ಮ ಹಾಳೆಯಲ್ಲಿದೆ. ಪಿವಟ್ ಟೇಬಲ್ 50 ಮಂದಿಯ ಅಂಕಗಳನ್ನೂ ಕೂಡಿ ಭಾಗಿಸುತ್ತದೆ: 800 ಮತ್ತು 2400 ಸೇರಿ 3200, ಅದನ್ನು 50ರಿಂದ ಭಾಗಿಸಿದರೆ 64. ನೀವು ಸರಾಸರಿಗಳ ಸರಾಸರಿ ತೆಗೆದಿದ್ದೀರಿ. ಅಲ್ಲಿ ಹತ್ತು ಮಂದಿಯ ತಂಡಕ್ಕೂ ನಲವತ್ತು ಮಂದಿಯ ತಂಡಕ್ಕೂ ಒಂದೇ ತೂಕ.

ಚಾರ್ಟ್ ವಿದ್ಯಾರ್ಥಿಗಳ ಬಗ್ಗೆ ಮಾತಾಡುತ್ತಿದ್ದರೆ 64 ಇರಬೇಕು, ಲೇಬಲ್ ‘ಎಲ್ಲ 50 ವಿದ್ಯಾರ್ಥಿಗಳ ಸರಾಸರಿ’. ತಂಡಗಳನ್ನೇ ಒಂದೊಂದು ಘಟಕವಾಗಿ ಹೋಲಿಸುತ್ತಿದ್ದರೆ 70 ನಿಲ್ಲುತ್ತದೆ, ಆದರೆ ‘ತಂಡಗಳ ಸರಾಸರಿ, ಪ್ರತಿ ತಂಡಕ್ಕೂ ಸಮಾನ ತೂಕ’ ಎಂದು ಬರೆಯಲೇಬೇಕು. ‘ಒಟ್ಟು ಸರಾಸರಿ’ ಎಂಬ ಪದಗುಚ್ಛವನ್ನು ಬಿಟ್ಟುಬಿಡುವುದೇ ಲೇಸು. ಅದು ಎರಡಕ್ಕೂ ಹೊಂದುತ್ತದೆ, ಹಾಗಾಗಿ ಯಾವುದನ್ನೂ ಹೇಳುವುದಿಲ್ಲ. ಪಿವಟ್ ಟೇಬಲ್ ಸರಾಸರಿಯ ಸಾಲಿಗೂ ‘ಗ್ರ್ಯಾಂಡ್ ಟೋಟಲ್’ ಅನ್ನುತ್ತದಲ್ಲ, ಚಾರ್ಟ್‌ಗೆ ಒಯ್ಯುವ ಮುನ್ನ ಆ ಹೆಸರನ್ನೂ ತಿದ್ದಿ. 64 ಯಾವುದರ ಮೊತ್ತವೂ ಅಲ್ಲ.

ಪ್ರತಿ ಬಾರ್‌ನ ಕೆಳಗೆ ತಂಡದ ಹೆಸರಿನ ಜೊತೆ ಎಣಿಕೆಯನ್ನೂ ಹಾಕಿ: ‘ಮೊದಲ ತಂಡ, 10 ಮಂದಿ’. ಇದು ಅಲಂಕಾರಕ್ಕಲ್ಲ. ಮುಂದಿನ ಪರೀಕ್ಷೆಯಲ್ಲಿ ಮೊದಲ ತಂಡದಲ್ಲಿ 5 ಮಂದಿ ಉಳಿದು ಅವರ ಸರಾಸರಿ 82 ಆಯಿತು, ಎರಡನೆಯದರಲ್ಲಿ 45 ಮಂದಿಯಾಗಿ 62 ಆಯಿತು ಅನ್ನಿ. ಎರಡೂ ತಂಡಗಳು ಎರಡೆರಡು ಅಂಕ ಮೇಲೆ ಹೋಗಿವೆ. ಎಲ್ಲರ ಸರಾಸರಿ? 410 ಮತ್ತು 2790 ಸೇರಿ ಮತ್ತೆ 3200, ಮತ್ತೆ 64. ಎಣಿಕೆ ತೋರಿಸದಿದ್ದರೆ ಈ ಚಾರ್ಟನ್ನು ನೋಡಿದವರು ನಿಮ್ಮ ಲೆಕ್ಕವೇ ತಪ್ಪು ಅನ್ನುತ್ತಾರೆ.

ಪ್ರಶ್ನೆ: ಜಾಲತಾಣಕ್ಕೆ ಬರುವ ದಿನವಹಿ ಭೇಟಿಗಳ ಚಾರ್ಟ್ ಮೇಲೆ 7 ದಿನಗಳ ಚಲ ಸರಾಸರಿ ಎಳೆದಿದ್ದೇನೆ. ಬಾರ್‌ಗಳ ಶಿಖರ ಒಂದು ದಿನ, ಗೆರೆಯ ಶಿಖರ ಇನ್ನೊಂದು ದಿನ. ಯಾವ ಗೆರೆ ಏನು ಎಂದು ಹೇಳುವ ಲೆಜೆಂಡ್‌ನಲ್ಲಿ ಏನೇನೋ ಸಂಕ್ಷೇಪ ಬಂದಿದೆ. ಸರಿಪಡಿಸುವುದು ಹೇಗೆ?

ಲೆಕ್ಕ ಕೆಟ್ಟಿಲ್ಲ. ನೀವು ಎಳೆದಿರುವುದು ಹಿಂದಿನ 7 ದಿನಗಳ ಚಲ ಸರಾಸರಿ. ಅಂದರೆ ಇವತ್ತಿನ ಬಿಂದುವಿನಲ್ಲಿ ಇವತ್ತು ಮತ್ತು ಹಿಂದಿನ ಆರು ದಿನಗಳು ಸೇರಿವೆ. ಆ ಏಳು ದಿನಗಳ ನಡುವಿನ ದಿನ ಮೂರು ದಿನ ಹಿಂದೆ ಇದೆ, ಆದ್ದರಿಂದ ಗೆರೆ ಸುಮಾರು ಮೂರು ದಿನ ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ಎಕ್ಸೆಲ್‌ನ ಟ್ರೆಂಡ್‌ಲೈನ್‌ನಲ್ಲಿ ಮೂವಿಂಗ್ ಆವರೇಜ್ ಆರಿಸಿದರೆ ಸಿಗುವುದು ಈ ಬಗೆಯದೇ. ಅಲ್ಲಿ ಅವಧಿ ತಾನಾಗಿ 2 ಎಂದಿರುತ್ತದೆ, 7 ಎಂದು ನೀವೇ ಬದಲಿಸಬೇಕು. ಲೆಜೆಂಡ್‌ನಲ್ಲಿ ಬಂದ ‘ಪರ್. ಮೂವ್.’ ಎಂಬ ತುಂಡುಮಾತು ಅದೇ ಸೃಷ್ಟಿಸಿದ ಹೆಸರು. ಟ್ರೆಂಡ್‌ಲೈನ್‌ನ ಆಯ್ಕೆಗಳಲ್ಲಿ ಕಸ್ಟಮ್ ಹೆಸರಿನ ಜಾಗಕ್ಕೆ ಹೋಗಿ ಕನ್ನಡದಲ್ಲಿ ಬರೆಯಿರಿ.

ಶಿಖರಗಳು ಒಂದೇ ದಿನಕ್ಕೆ ಹೊಂದಬೇಕಾದರೆ ಮಧ್ಯಕ್ಕೆ ಕೂರಿಸಿದ ಚಲ ಸರಾಸರಿ ಬೇಕು. ಅದಕ್ಕೆ ಟ್ರೆಂಡ್‌ಲೈನ್ ಬಿಟ್ಟು ಒಂದು ಕಾಲಮ್ ಮಾಡಿಕೊಳ್ಳಿ. ಭೇಟಿಗಳು ಬಿ2ರಿಂದ ಆರಂಭವಾಗಿದ್ದರೆ ಬಿ2ರಿಂದ ಬಿ8ರವರೆಗಿನ ಸರಾಸರಿಯನ್ನು ಸಿ5ರಲ್ಲಿ ಬರೆದು ಕೆಳಕ್ಕೆ ಎಳೆಯಿರಿ. ಅದೇ ಸಂಖ್ಯೆಯನ್ನು ಸಿ8ರಲ್ಲಿ ಬರೆದರೆ ಹಿಂದಿನ 7 ದಿನಗಳದ್ದಾಗುತ್ತದೆ. ವ್ಯತ್ಯಾಸ ಮೂರು ಸಾಲು, ಅಷ್ಟೇ. ಮಧ್ಯಕ್ಕೆ ಕೂರಿಸಿದರೆ ಆರಂಭದ ಮೂರು ದಿನ, ಕೊನೆಯ ಮೂರು ದಿನ ಗೆರೆ ಇರುವುದಿಲ್ಲ. ಆ ಕೋಶಗಳು ನಿಜವಾಗಿ ಖಾಲಿ ಇರಲಿ. ಸೂತ್ರ ಹಾಕಿ ಖಾಲಿ ಪಠ್ಯ ತರಿಸಿದರೆ ಎಕ್ಸೆಲ್ ಅದನ್ನು ಸೊನ್ನೆ ಎಂದು ಎಳೆಯುತ್ತದೆ, ಗೆರೆ ದೊಪ್ಪನೆ ನೆಲಕ್ಕೆ ಬೀಳುತ್ತದೆ. ಸೂತ್ರ ಬೇಕೇ ಬೇಕಾದರೆ ಖಾಲಿ ಪಠ್ಯದ ಬದಲು ‘ಅಂಕಿ ಲಭ್ಯವಿಲ್ಲ’ ಎಂದು ಗುರುತಿಸುವ ಎನ್‌ಎ ಫಂಕ್ಷನ್ ಬಳಸಿ.

ಯಾವುದನ್ನು ಆರಿಸಬೇಕು? ದಿನಾ ಹೊಸ ಅಂಕಿ ಸೇರುವ ಚಾರ್ಟ್ ಆದರೆ ಹಿಂದಿನ 7 ದಿನಗಳದ್ದು, ಏಕೆಂದರೆ ಕೊನೆಯ ದಿನದವರೆಗೂ ಗೆರೆ ಇರುತ್ತದೆ. ಮುಗಿದುಹೋದ ಅವಧಿಯನ್ನು ವಿವರಿಸುವುದಾದರೆ ಮಧ್ಯಕ್ಕೆ ಕೂರಿಸಿದ್ದು. ಲೇಬಲ್‌ನಲ್ಲಿ ‘7 ದಿನಗಳ ಸರಾಸರಿ’ ಎಂದಷ್ಟೇ ಬೇಡ. ‘ಆ ದಿನವೂ ಸೇರಿ ಹಿಂದಿನ 7 ದಿನಗಳ ಸರಾಸರಿ’ ಅಥವಾ ‘ಹಿಂದಿನ 3, ಮುಂದಿನ 3 ದಿನ ಸೇರಿದ ಸರಾಸರಿ’ ಎಂದು ಬರೆಯಿರಿ. ‘ಚಲ’ ಎಂಬ ಪದ ಇರದಿದ್ದರೂ ನಡೆಯುತ್ತದೆ, ಹಿಂದೆ-ಮುಂದೆ ಎಂಬುದು ಇರಲೇಬೇಕು.

ಹಿಂದಿನ ದಿನಗಳ ಸರಾಸರಿಯಲ್ಲಿ ಇನ್ನೊಂದು ಮೋಸವಿದೆ. ದಿನಾ 100 ಭೇಟಿ ಇರುವ ಜಾಲತಾಣಕ್ಕೆ ಒಂದೇ ದಿನ 170 ಬಂದರೆ ಗೆರೆ 110ಕ್ಕೆ ಏರಿ ಏಳು ದಿನ ಅಲ್ಲೇ ಕೂರುತ್ತದೆ. ಎಂಟನೆಯ ದಿನ ಇದ್ದಕ್ಕಿದ್ದಂತೆ 100ಕ್ಕೆ ಇಳಿಯುತ್ತದೆ. ಆ ದಿನ ಜಾಲತಾಣದಲ್ಲಿ ಏನೂ ಆಗಿರುವುದಿಲ್ಲ, ಹಳೆಯ ಅಂಕಿಯೊಂದು ಕಿಟಕಿಯಿಂದ ಆಚೆ ಹೋಗಿರುತ್ತದೆ ಅಷ್ಟೇ. ಇಳಿತಕ್ಕೆ ಕಾರಣ ಹುಡುಕುತ್ತ ಕೂರುವವರು ಬಹಳ. ಅದಕ್ಕೇ ಚಲ ಸರಾಸರಿಯ ಹಿಂದೆ ದಿನದ ಅಂಕಿಗಳನ್ನು ತಿಳಿ ಬಣ್ಣದಲ್ಲಾದರೂ ಉಳಿಸಿಕೊಳ್ಳಿ.

ಏಳನ್ನೇ ಏಕೆ ಎಂದು ಕೇಳಿದವರಿಗೆ: ಏಳು ದಿನಗಳ ಯಾವ ತುಂಡನ್ನು ತೆಗೆದುಕೊಂಡರೂ ಅದರಲ್ಲಿ ವಾರದ ಪ್ರತಿ ದಿನ ಒಮ್ಮೆ ಮಾತ್ರ ಬರುತ್ತದೆ, ವಾರದ ರಜೆಯ ಏರಿಳಿತ ಗೆರೆಯಿಂದ ಮಾಯವಾಗುತ್ತದೆ. 5 ಅಥವಾ 10 ದಿನ ತೆಗೆದುಕೊಂಡರೆ ಆ ಅಲೆ ಅರೆಬರೆಯಾಗಿ ಉಳಿಯುತ್ತದೆ.

ಪ್ರಶ್ನೆ: ಒಂದು ವರ್ಷ ಬೆಳವಣಿಗೆ 50%, ಮರುವರ್ಷ 50% ಇಳಿಕೆ. ‘ಸರಾಸರಿ ಬೆಳವಣಿಗೆ 0%’ ಎಂದು ಹಾಕಬಹುದೇ?

ಬೇಡ. 100 ಇದ್ದದ್ದು 150 ಆಗಿ, ಮತ್ತೆ 75ಕ್ಕೆ ಬಂದು ನಿಂತಿದೆ, ಸೊನ್ನೆ ಎಂದರೆ ನಗೆಪಾಟಲು. ಒಂದರ ಮೇಲೊಂದು ಗುಣಿಸಿಕೊಂಡು ಹೋಗುವ (ಚಕ್ರಗತ) ದರಗಳಿಗೆ ಗುಣೋತ್ತರ ಸರಾಸರಿ ಬೇಕು: 1.5 ಮತ್ತು 0.5ರ ಗುಣಲಬ್ಧ 0.75, ಅದರ ವರ್ಗಮೂಲ ಸುಮಾರು 0.866. ಲೇಬಲ್: ‘ವರ್ಷಕ್ಕೆ ಸರಾಸರಿ 13.4% ಇಳಿಕೆ (ಚಕ್ರಗತ)’. ವೇಗಕ್ಕೂ ಇಂಥದೇ ಎಚ್ಚರ: ಒಂದೇ ದೂರವನ್ನು ಹೋಗುವಾಗ ಗಂಟೆಗೆ 60, ಬರುವಾಗ 40 ಕಿ.ಮೀ. ವೇಗದಲ್ಲಿ ಕ್ರಮಿಸಿದರೆ ಇಡೀ ಪಯಣದ ಸರಾಸರಿ 50 ಅಲ್ಲ, 48. ‘ಒಟ್ಟು ದೂರ ÷ ಒಟ್ಟು ಸಮಯ’ ಎಂದು ಅಡಿಟಿಪ್ಪಣಿಯಲ್ಲಿ ಹಾಕಿದರೆ ವಾದವೇ ಏಳುವುದಿಲ್ಲ.

ಪ್ರಶ್ನೆ: ಸರಾಸರಿಯ ಬಾರ್‌ಗಳ ತುದಿಯಲ್ಲಿ ‘I’ ಆಕಾರದ ಸಣ್ಣ ಕಡ್ಡಿಗಳನ್ನು ಹಾಕಿದ್ದೇನೆ. ಅವಕ್ಕೂ ಲೇಬಲ್ ಬೇಕೇ?

ಬಾರ್‌ಗಿಂತ ಹೆಚ್ಚಾಗಿ ಅವಕ್ಕೇ ಬೇಕು. 25 ಅಳತೆಗಳ ಮಾನಕ ವಿಚಲನೆ (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) 10 ಎಂದಿಟ್ಟುಕೊಳ್ಳಿ. ಕಡ್ಡಿ ಮಾನಕ ವಿಚಲನೆಯನ್ನು ತೋರಿಸಿದರೆ ಎರಡೂ ಕಡೆಗೆ 10. ಸರಾಸರಿಯ ಮಾನಕ ದೋಷವನ್ನು (ಸರಾಸರಿಯೇ ಎಷ್ಟು ಅತ್ತಿತ್ತ ಆಗಬಹುದು ಎಂಬ ಅಂದಾಜು) ತೋರಿಸಿದರೆ 10ನ್ನು 25ರ ವರ್ಗಮೂಲದಿಂದ ಭಾಗಿಸಿ 2. 95% ವಿಶ್ವಾಸ ಅಂತರವಾದರೆ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಸುಮಾರು 4.1. ಅಂಕಿಗಳು ಅವೇ, ಕಡ್ಡಿಯ ಉದ್ದದಲ್ಲಿ ಐದು ಪಟ್ಟು ಅಂತರ. ಲೇಬಲ್ ಇಲ್ಲದ ಕಡ್ಡಿಯನ್ನು ನೋಡುವವರು ತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ.

ಅಂಕಿಗಳು ಎಷ್ಟು ಚದುರಿವೆ ಎಂದು ಹೇಳಬೇಕಾದರೆ ಮಾನಕ ವಿಚಲನೆ, ಸರಾಸರಿ ಎಷ್ಟು ಖಚಿತ ಎಂದು ಹೇಳಬೇಕಾದರೆ ವಿಶ್ವಾಸ ಅಂತರ. ಬರೀ ಮಾನಕ ದೋಷವನ್ನು ಹಾಕುವುದಕ್ಕೆ ಕಡ್ಡಿ ಗಿಡ್ಡವಾಗಿ ಚೆಂದ ಕಾಣುತ್ತದೆ ಎಂಬುದನ್ನು ಬಿಟ್ಟರೆ ಒಳ್ಳೆಯ ಕಾರಣ ಅಪರೂಪ. ಎಕ್ಸೆಲ್‌ನಲ್ಲಿ ಎರರ್ ಬಾರ್ಸ್ ಒತ್ತಿ ಸ್ಟ್ಯಾಂಡರ್ಡ್ ಎರರ್ ಆರಿಸಿದರೆ ಇನ್ನೂ ಅಪಾಯ: ಅದು ನಿಮ್ಮ ಮೂಲ ಅಳತೆಗಳನ್ನು ನೋಡಿಯೇ ಇರುವುದಿಲ್ಲ, ಚಾರ್ಟ್‌ನಲ್ಲಿರುವ ಸರಾಸರಿಗಳಿಂದಲೇ ಒಂದು ಉದ್ದ ಲೆಕ್ಕಹಾಕಿ ಎಲ್ಲ ಬಾರ್‌ಗಳಿಗೂ ಅದನ್ನೇ ಅಂಟಿಸುತ್ತದೆ. ಎಲ್ಲ ಕಡ್ಡಿಗಳೂ ಒಂದೇ ಉದ್ದ ಕಂಡರೆ ಅನುಮಾನಿಸಿ. ಪ್ರತಿ ಗುಂಪಿನ ಉದ್ದವನ್ನು ಹಾಳೆಯಲ್ಲಿ ಲೆಕ್ಕ ಹಾಕಿ, ಕಸ್ಟಮ್ ಆಯ್ಕೆಯಲ್ಲಿ ಆ ಕೋಶಗಳನ್ನು ತೋರಿಸಿ.

ಪ್ರಶ್ನೆ: ಹವಾಮಾನದ ಚಾರ್ಟ್‌ಗಳಲ್ಲಿ ‘ವಾಡಿಕೆಗಿಂತ ಹೆಚ್ಚು’ ಎಂದಿರುತ್ತದೆ. ವಾಡಿಕೆ ಎಂದರೆ ಸರಾಸರಿಯೇ?

ಹೌದು, ಆದರೆ ಯಾವುದೋ ಒಂದು ನಿಗದಿತ ಅವಧಿಯ ಸರಾಸರಿ. ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿಯಲ್ಲಿ ಅದು 30 ವರ್ಷಗಳದ್ದು, ಹತ್ತು ವರ್ಷಕ್ಕೊಮ್ಮೆ ಮುಂದಕ್ಕೆ ಸರಿಯುತ್ತದೆ. ಈಗಿನದು 1991–2020. ದೀರ್ಘಾವಧಿಯ ಬದಲಾವಣೆಯನ್ನು ಅಳೆಯಲು 1961–1990ನ್ನೂ ಉಳಿಸಿಕೊಂಡಿದ್ದಾರೆ. ಭೂಮಿಯ ತಾಪ ಏರಿಕೆಯ ಚರ್ಚೆಯಲ್ಲಿ 1850–1900 ಆಧಾರವಾಗುತ್ತದೆ. ಒಂದೇ ವರ್ಷದ ತಾಪಮಾನವನ್ನು ಈ ಮೂರರೊಡನೆ ಹೋಲಿಸಿದರೆ ಮೂರು ಬೇರೆ ಬೇರೆ ವ್ಯತ್ಯಾಸ ಬರುತ್ತದೆ, ಹಳೆಯ ಆಧಾರಕ್ಕೆ ಹೋಲಿಸಿದಷ್ಟೂ ಏರಿಕೆ ದೊಡ್ಡದು. ಹಾಗಾಗಿ ಸೊನ್ನೆಯ ಗೆರೆಯ ಮೇಲೆ ‘ಸರಾಸರಿ’ ಬದಲು ‘1991–2020ರ ಸರಾಸರಿ’ ಎಂದು ವರ್ಷಗಳನ್ನೇ ಬರೆಯಿರಿ.

ಪ್ರಶ್ನೆ: 12 ಮಂದಿ 1ರಿಂದ 5ರೊಳಗೆ ಕೊಟ್ಟ ಅಂಕಗಳ ಸರಾಸರಿ 3.8333 ಬಂದಿದೆ. ಎಷ್ಟು ದಶಮಾಂಶ ಇಡಬೇಕು?

ಒಂದು. ಹನ್ನೆರಡರಲ್ಲಿ ಒಬ್ಬರು ಮನಸ್ಸು ಬದಲಿಸಿ ಒಂದು ಅಂಕ ಜಾಸ್ತಿ ಕೊಟ್ಟರೂ ಸರಾಸರಿ 0.08ರಷ್ಟು ಜಿಗಿಯುತ್ತದೆ. ‘3.8 (12 ಮಂದಿ, 5ಕ್ಕೆ)’ ಸಾಕು. ಅರ್ಧ ಮಂದಿ 1, ಅರ್ಧ ಮಂದಿ 5 ಕೊಟ್ಟಿದ್ದರೂ ಸರಾಸರಿ 3 ಬರುತ್ತದೆ, ಯಾರೊಬ್ಬರೂ 3 ಕೊಡದೆಯೇ. ಇಷ್ಟು ಕಡಿಮೆ ಮಂದಿಯಿದ್ದಾಗ ಸರಾಸರಿಯ ಬದಲು ಯಾವ ಅಂಕವನ್ನು ಎಷ್ಟು ಮಂದಿ ಕೊಟ್ಟರು ಎಂದೇ ತೋರಿಸುವುದು ಮೇಲು.

ಪ್ರಶ್ನೆ: ಲೇಬಲ್ ಅನ್ನು ಲೆಜೆಂಡ್‌ನಲ್ಲಿ ಇಡದೆ ಗೆರೆಯ ಪಕ್ಕದಲ್ಲೇ ಕೂರಿಸುವುದು ಹೇಗೆ? ಸರಾಸರಿ, ಮಧ್ಯಾಂಕ ಎರಡೂ ಗೆರೆಗಳು ಹತ್ತಿರ ಬಂದು ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿವೆ.

ಹಾಳೆಯಲ್ಲಿ ಹೊಸ ಕಾಲಮ್ ಮಾಡಿ ಎಲ್ಲ ಸಾಲುಗಳಲ್ಲೂ ಅದೇ ಸರಾಸರಿ ಬರುವಂತೆ ಸೂತ್ರ ಹಾಕಿ. ಚಾರ್ಟ್‌ಗೆ ಅದನ್ನು ಲೈನ್ ಬಗೆಯ ಸೀರೀಸ್ ಆಗಿ ಸೇರಿಸಿ. ಗೆರೆಯನ್ನು ಒಮ್ಮೆ ಕ್ಲಿಕ್ ಮಾಡಿ, ಸ್ವಲ್ಪ ತಡೆದು ಬಲತುದಿಯ ಬಿಂದುವನ್ನು ಮಾತ್ರ ಮತ್ತೊಮ್ಮೆ ಕ್ಲಿಕ್ ಮಾಡಿ. ಆಗ ಡೇಟಾ ಲೇಬಲ್ ಹಾಕಿದರೆ ಅದೊಂದೇ ಬಿಂದುವಿಗೆ ಬರುತ್ತದೆ, ಇಲ್ಲವಾದರೆ ಪ್ರತಿ ಬಾರ್‌ನ ಮೇಲೂ 8, 8, 8 ಎಂದು ಸಾಲುಗಟ್ಟುತ್ತದೆ. ಲೇಬಲ್‌ನ ಆಯ್ಕೆಗಳಲ್ಲಿ ಸೀರೀಸ್ ನೇಮ್ ಮತ್ತು ವ್ಯಾಲ್ಯೂ ಎರಡಕ್ಕೂ ಗುರುತು ಹಾಕಿ. ಪಠ್ಯವನ್ನು ಕೈಯಿಂದ ಟೈಪ್ ಮಾಡಬೇಡಿ: ಅಂಕಿ ಬದಲಾದಾಗ ಗೆರೆ ಸರಿಯುತ್ತದೆ, ಟೈಪ್ ಮಾಡಿದ ಸಂಖ್ಯೆ ಹಳೆಯದೇ ಉಳಿಯುತ್ತದೆ.

ಗೆರೆಗಳು ಹತ್ತಿರವಿದ್ದರೆ ಮೇಲಿನದರ ಲೇಬಲ್ ಗೆರೆಯ ಮೇಲೆ, ಕೆಳಗಿನದರದ್ದು ಕೆಳಗೆ. ಒಂದನ್ನು ತುಂಡುಗೆರೆ ಮಾಡಿ, ಲೇಬಲ್‌ಗೆ ಗೆರೆಯದೇ ಬಣ್ಣ ಕೊಡಿ. ಬಣ್ಣವನ್ನೊಂದೇ ನಂಬಿದರೆ ಕಪ್ಪು-ಬಿಳುಪು ಮುದ್ರಣದಲ್ಲಿ ಎರಡೂ ಒಂದೇ ಆಗುತ್ತವೆ. ಅಷ್ಟಾದರೂ ಜಾಗ ಸಾಲದಿದ್ದರೆ ಎರಡರ ನಡುವೆ ಹೇಳುವಂಥ ವ್ಯತ್ಯಾಸವೇ ಇಲ್ಲ ಎಂದರ್ಥ. ಒಂದು ಗೆರೆಯನ್ನು ತೆಗೆದು, ಅದರ ಮೌಲ್ಯವನ್ನು ಉಪಶೀರ್ಷಿಕೆಯಲ್ಲಿ ಹೇಳಿ.

ಕನ್ನಡದ ಲೇಬಲ್‌ಗೆ ಎತ್ತರದಲ್ಲಿ ಸ್ವಲ್ಪ ಹೆಚ್ಚು ಜಾಗ ಬೇಕು. ಪೆಟ್ಟಿಗೆ ಬಿಗಿಯಾದರೆ ಮೊದಲು ಕತ್ತರಿಸಿಹೋಗುವುದು ಕೆಳಗಿನ ಒತ್ತಕ್ಷರ. ಲಂಬ ಅಕ್ಷದ ಹೆಸರನ್ನು ತಿರುಗಿಸಿ ಬರೆಯುವ ಬದಲು ಚಾರ್ಟ್‌ನ ಎಡ ಮೇಲ್ತುದಿಯಲ್ಲಿ ಅಡ್ಡಲಾಗಿ ‘ಕಾದ ಸಮಯ, ನಿಮಿಷಗಳಲ್ಲಿ’ ಎಂದು ಇಡಿ.